ಇರುವ ತೂತನ್ನು ದೊಡ್ಡದು ಮಾಡುವಾಗ ಡ್ರಿಲ್ ಯಾಕೆ ಕಚ್ಚುತ್ತದೆ?

ಹಳೆಯ ಮಾದರಿಯ ಗಿಟಾರ್‌ಗೆ ಹೊಸ ಟ್ಯೂನರ್ (ತಂತಿ ಬಿಗಿ ಮಾಡುವ ತಿರುಪು) ಹಾಕಲು ಹೊರಟರೆ ಮೊದಲ ತಕರಾರು ತೂತಿನದೇ. ವಿಂಟೇಜ್ ಮಾದರಿಯ ಟ್ಯೂನರ್‌ಗಳಿಗೆ ಸಾಮಾನ್ಯವಾಗಿ 8.5ರಿಂದ 8.8 ಮಿ.ಮೀ. ತೂತು ಸಾಕು. ಈಗಿನ, ಗೇರ್ ಮುಚ್ಚಿರುವ ಟ್ಯೂನರ್‌ಗಳಿಗೆ ಹೆಚ್ಚಾಗಿ 10 ಮಿ.ಮೀ. ಬೇಕು. ಲೆಕ್ಕ ಹಾಕಿ ನೋಡಿ, ಸುತ್ತಲೂ ತೆಗೆಯಬೇಕಾದ ಮರ ಹೆಚ್ಚೆಂದರೆ ಮುಕ್ಕಾಲು ಮಿಲಿಮೀಟರ್. ಇಷ್ಟೇ ತಾನೇ ಅಂತ 10ರ ಬಿಟ್ ಹಾಕಿ ಸುಮ್ನೆ ಒತ್ತಿದರೆ ಹೆಡ್‌ಸ್ಟಾಕ್, ಅಂದರೆ ಟ್ಯೂನರ್‌ಗಳು ಕೂರುವ ಗಿಟಾರ್‌ನ ತಲೆಭಾಗ, ಸೀಳಿಹೋಗಬಹುದು. ಗಟ್ಟಿ ಮರದಲ್ಲಿ ಹೊಸ ತೂತು ಕೊರೆಯುವುದೇ ಇದಕ್ಕಿಂತ ಸಲೀಸು. ವಿಚಿತ್ರ ಅಲ್ವಾ?

ಕಾರಣ ಬಿಟ್‌ನ ಮೂತಿಯಲ್ಲಿದೆ. ಸಾಮಾನ್ಯ ಟ್ವಿಸ್ಟ್ ಡ್ರಿಲ್‌ನ ನಟ್ಟನಡುವೆ ಒಂದು ಮೊಂಡು ಅಂಚು ಇರುತ್ತದೆ. ಅದಕ್ಕೆ ಸರಿಯಾಗಿ ಕತ್ತರಿಸಲು ಬರುವುದಿಲ್ಲ. ಮರವನ್ನು ಅರೆದು ಪಕ್ಕಕ್ಕೆ ತಳ್ಳುತ್ತದೆ. ನಾವು ಒತ್ತುವ ಬಲದ ದೊಡ್ಡ ಪಾಲು ಇದಕ್ಕೇ ಖರ್ಚಾಗುತ್ತದೆ. ಬಿಟ್ ಒಂದೇ ಸಮನೆ ಒಳಗೆ ನುಗ್ಗದಂತೆ ತಡೆಯುವುದೂ, ಅದನ್ನು ನಡುವಿನಲ್ಲೇ ಹಿಡಿದಿಡುವುದೂ ಅಲ್ಲಿರುವ ಮರವೇ. ತೂತು ಮೊದಲೇ ಇದ್ದರೆ ಆ ಮರವೇ ಇಲ್ಲ. ಆಗ ಬಿಟ್‌ನ ಸುರುಳಿ ಸ್ಕ್ರೂವಿನ ಹಾಗೆ ತನ್ನನ್ನು ತಾನೇ ಒಳಗೆ ಎಳೆದುಕೊಳ್ಳುತ್ತದೆ. ಕೈ ತಡೆಯುವಷ್ಟರಲ್ಲಿ ಕೆಲಸ ಕೆಟ್ಟಿರುತ್ತದೆ. ಮರವೋ, ಸೌದೆಯಂತೆ ಎಳೆಯ ಉದ್ದಕ್ಕೆ ಸೀಳುತ್ತದೆ. ಅದರ ಮೇಲಿನ ಹೊಳಪಿನ ಲೇಪ, ಅಂದರೆ ಲ್ಯಾಕರ್, ಇನ್ನೂ ಪೆಡಸು, ಚಕ್ಕೆ ಏಳಲು ಕಾಯುತ್ತಿರುತ್ತದೆ. ಮರಗೆಲಸಕ್ಕೆಂದೇ ಇರುವ, ನಡುವೆ ಚೂಪು ಮುಳ್ಳಿರುವ ಬ್ರ್ಯಾಡ್ ಪಾಯಿಂಟ್ ಬಿಟ್ ಕೂಡ ಇಲ್ಲಿ ಕೈಕೊಡುತ್ತದೆ. ಅದರ ಮುಳ್ಳು ಊರಲು ಜಾಗವೇ ಇಲ್ಲವಲ್ಲ.

ಹಾಗಾಗಿ ಇಲ್ಲಿ ಬೇಕಾದ್ದು ಮೆಲ್ಲಗೆ ಕೆರೆಯುವ ಸಾಧನ. ನನ್ನ ಓಟು ಕೈಯಲ್ಲಿ ತಿರುಗಿಸುವ ರೀಮರ್‌ಗೆ. ತುದಿಯ ಕಡೆ ಸಣ್ಣಗಾಗುತ್ತಾ ಹೋಗುವ, ಉದ್ದಕ್ಕೂ ಅಲಗುಗಳಿರುವ ಸರಳು ಇದು. ಅಲಗುಗಳು ಎಲ್ಲ ಕಡೆಯಿಂದಲೂ ತೂತಿನ ಗೋಡೆಗೆ ಒರಗುವುದರಿಂದ ನಡು ತಪ್ಪುವುದು ಕಡಿಮೆ. ಒಂದೇ ತೊಡಕು ಎಂದರೆ ರೀಮರ್ ಹೋದ ಕಡೆ ಅಗಲ, ಆಚೆ ಕಡೆ ಕಿರಿದು. ಅದಕ್ಕೇ ಮುಂದಿನಿಂದ ಸ್ವಲ್ಪ, ಹಿಂದಿನಿಂದ ಸ್ವಲ್ಪ ತಿರುಗಿಸುತ್ತಾ ಹೋಗಬೇಕು. ಕೊನೆಗೆ ನಡುವಿನಲ್ಲಿ ಉಳಿಯುವ ಉಬ್ಬನ್ನು ದುಂಡು ಅರದಿಂದ ಉಜ್ಜಿದರಾಯಿತು. ಸ್ಟೆಪ್ ಡ್ರಿಲ್ ಕೂಡ ಒಳ್ಳೆಯದೇ. ಅದರ ಸಣ್ಣ ಮೆಟ್ಟಿಲು ಹಳೆಯ ತೂತಿನಲ್ಲಿ ಕೂತು ದಾರಿ ತೋರಿಸುತ್ತದೆ, ಮುಂದಿನ ಮೆಟ್ಟಿಲು ತೆಳ್ಳಗೆ ಕತ್ತರಿಸುತ್ತದೆ. ಮೆಟ್ಟಿಲಿನ ಎತ್ತರ ಹೆಡ್‌ಸ್ಟಾಕ್‌ನ ದಪ್ಪಕ್ಕಿಂತ ಕಡಿಮೆ ಇರುವುದರಿಂದ ಇದನ್ನೂ ಎರಡು ಕಡೆಯಿಂದ ಹಾಕಬೇಕು. ಯಾವುದೇ ಸಾಧನವಾದರೂ ಮೊದಲು ಅದನ್ನು ಉಲ್ಟಾ ತಿರುಗಿಸಿ ಲ್ಯಾಕರ್‌ನ ಅಂಚನ್ನಷ್ಟೇ ಸವೆಸಿಕೊಂಡರೆ ಚಕ್ಕೆ ಏಳುವುದು ತಪ್ಪುತ್ತದೆ.

ಹಳೆಯ ತೂತುಗಳು ಸಾಲು ತಪ್ಪಿದ್ದರೆ ಮಾತ್ರ ಮರದ ಬಿರಡೆ ಅಂಟಿಸಿ ಹೊಸದಾಗಿ ಕೊರೆಯುವ ಕಷ್ಟಕ್ಕೆ ಹೋಗಿ. ಬೆಲೆಬಾಳುವ ಹಳೆಯ ಗಿಟಾರ್ ಆದರೆ ಮರ ಮುಟ್ಟಲೇಬೇಡಿ. ಹಳೆಯ ಅಳತೆಗೇ ಕೂರುವ ಹೊಸ ಟ್ಯೂನರ್‌ಗಳು ಸಿಗುತ್ತವೆ.

ಎಲ್ಲಿ ನಿಲ್ಲಿಸಬೇಕು? ಟ್ಯೂನರ್ ಕೈಯಿಂದ ಒತ್ತಿದರೆ ಒಳಗೆ ಜಾರಬೇಕು. ಸುತ್ತಿಗೆ ಬೇಕಾಯಿತು ಎಂದರೆ ತೂತು ಇನ್ನೂ ಚಿಕ್ಕದು. ಬಡಿದರೆ ಟ್ಯೂನರೇ ಬೆಣೆಯಾಗುತ್ತದೆ. ಕೂದಲೆಳೆಯಷ್ಟು ಜಾಸ್ತಿಯಾದರೆ ಚಿಂತೆಯಿಲ್ಲ, ಮುಂದಿನಿಂದ ಬಿಗಿಯುವ ನಟ್ ಹಿಡಿದುಕೊಳ್ಳುತ್ತದೆ. ಹಿಂದುಗಡೆಯ ಪುಟ್ಟ ಸ್ಕ್ರೂಗೂ ಮೊದಲೇ ಸಣ್ಣ ತೂತು ಕೊರೆದು, ಸ್ಕ್ರೂಗೆ ಸ್ವಲ್ಪ ಮೇಣ ಸವರಿ. ಗಟ್ಟಿ ಮರದಲ್ಲಿ ಅದರ ತಲೆ ಸುಲಭವಾಗಿ ಮುರಿಯುತ್ತದೆ.