ಟವರ್ ಬೇಕು, ಟವರ್ ಬೇಡ: ಒಂದೇ ಜಿಲ್ಲೆಯ ಎರಡು ಬೇಡಿಕೆ

ಉತ್ತರ ಕನ್ನಡದವರ ಬಾಯಿಗೆ ‘ವಿಕಿರಣ’ ಎಂಬ ಪದ ಬಂದದ್ದು ಮೊಬೈಲ್‌ನಿಂದಲ್ಲ, ಕೈಗಾ ಅಣುಸ್ಥಾವರದಿಂದ. ಅದರ ವಿರುದ್ಧ 1980ರ ದಶಕದ ಚಳವಳಿ, 1994ರ ಮೇ ತಿಂಗಳಲ್ಲಿ ಕಟ್ಟುತ್ತಿದ್ದ ಸ್ಥಾವರದ ಗುಮ್ಮಟದ ಒಳಪದರ ಕುಸಿದದ್ದು, 2000ದಲ್ಲಿ ವಾಣಿಜ್ಯ ಮಟ್ಟದಲ್ಲಿ ವಿದ್ಯುತ್ ಉತ್ಪಾದನೆ ಶುರುವಾದದ್ದು. ಅಷ್ಟರಲ್ಲಿ ಆ ಪದಕ್ಕೆ ಕ್ಯಾನ್ಸರಿನ ಭಯ ಅಂಟಿಕೊಂಡಿತ್ತು. ಕಾರವಾರ, ಶಿರಸಿಯ ತಾರಸಿಗಳ ಮೇಲೆ ಟವರ್ ಎದ್ದಾಗ ಪದದ ಜೊತೆ ಭಯವೂ ಅಲ್ಲಿಗೆ ಹತ್ತಿತು, ‘ಟವರ್ ಬೇಡ’ ಎಂಬ ಕೂಗೂ ಎದ್ದಿತು.

ಎರಡೂ ಒಂದೇ ಅಲ್ಲ. ಅಣುಸ್ಥಾವರದೊಳಗಿನ ವಿಕಿರಣ ಜೀವಕೋಶದ ಡಿಎನ್‌ಎಯನ್ನು ಮುರಿಯಬಲ್ಲದು. ಟವರಿನ ರೇಡಿಯೋ ತರಂಗದ ಒಂದು ಕಣಕ್ಕೆ ಕಣ್ಣಿಗೆ ಕಾಣುವ ಬೆಳಕಿನ ಕಣದ ಲಕ್ಷದಲ್ಲೊಂದು ಪಾಲು ಶಕ್ತಿಯೂ ಇಲ್ಲ. ಖಚಿತವಾಗಿ ಗೊತ್ತಿರುವ ಅದರ ಪರಿಣಾಮವೆಂದರೆ ತೀವ್ರತೆ ಹೆಚ್ಚಾದಾಗ ಮೈ ಬಿಸಿಯಾಗುವುದು.

ಗೊಂದಲ ಬಿಗಿಯಾದದ್ದು 2010ರಿಂದ 2013ರ ನಡುವೆ. 2011ರ ಮೇನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ರೇಡಿಯೋ ತರಂಗಗಳನ್ನು ‘2ಬಿ’ ಗುಂಪಿಗೆ ಸೇರಿಸಿತು. ಕ್ಯಾನ್ಸರ್ ತರುವ ಸಾಧ್ಯತೆ ಇರಬಹುದು, ಪುರಾವೆ ಸೀಮಿತ ಎಂದು ಅದರರ್ಥ. ಆ ಪುರಾವೆ ಬಹುಪಾಲು ಬಂದದ್ದು ಫೋನನ್ನು ಕಿವಿಗೊತ್ತಿ ಮಾತಾಡುವವರ ಅಧ್ಯಯನದಿಂದ. ಊರಿನಲ್ಲಿ ಅದನ್ನು ಓದಿಕೊಂಡದ್ದು ಮಾತ್ರ ಟವರಿನ ಮೇಲಿನ ತೀರ್ಪು ಎಂದು. 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮಾಡಿಸಿದ ಪರಾಮರ್ಶೆಯಲ್ಲಿ ಮೊಬೈಲ್ ಬಳಕೆಗೂ ಮಿದುಳಿನ ಕ್ಯಾನ್ಸರಿಗೂ ನಂಟು ಕಾಣಲಿಲ್ಲ. ಆ ಸುದ್ದಿ ಹಳ್ಳಿಗೆ ತಲುಪಿದ್ದು ಕಡಿಮೆ.

ಭಾರತ 2012ರ ಸೆಪ್ಟೆಂಬರ್ 1ರಿಂದ ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದು ಪಾಲನ್ನು ತನ್ನ ಮಿತಿಯಾಗಿ ಇಟ್ಟುಕೊಂಡಿತು. 900 ಮೆಗಾಹರ್ಟ್ಸ್ ಆವರ್ತನದ ತರಂಗಕ್ಕೆ ಚದರ ಮೀಟರಿಗೆ 0.45 ವ್ಯಾಟ್, 1800ಕ್ಕೆ 0.9 ವ್ಯಾಟ್. ಈ ಅಂಕಿಯನ್ನು ಮನೆಯ ಲೆಕ್ಕಕ್ಕೆ ಇಳಿಸಿ ನೋಡಬೇಕು. ಟವರಿನ ಮೇಲೆ ಮೂರು ದಿಕ್ಕಿಗೆ ಮುಖ ಮಾಡಿದ ಉದ್ದನೆಯ ಬಿಳಿ ಪಟ್ಟಿಗಳೇ ಆಂಟೆನಾ. (ಡೋಲಿನಂಥ ದುಂಡನೆಯವು ಮುಂದಿನ ಟವರಿನ ಜೊತೆ ಮಾತಾಡುವವು, ಅವುಗಳ ಕಿರಣ ಮನೆಯ ಕಡೆ ಇರುವುದಿಲ್ಲ.) 20 ವ್ಯಾಟ್ ಕೊಟ್ಟರೆ ಪಟ್ಟಿ ಅದನ್ನು ಒಂದೇ ದಿಕ್ಕಿಗೆ ಒಟ್ಟುಮಾಡಿ, ಎದುರಿಗಿದ್ದವರಿಗೆ 1,000 ವ್ಯಾಟಿನಷ್ಟಾಗಿ ಕಾಣಿಸುತ್ತದೆ. ಆಗ ನೇರ ಎದುರಿಗೆ 10 ಮೀಟರಿನಲ್ಲಿ ಸುಮಾರು 0.8 ವ್ಯಾಟ್, 900 ಮೆಗಾಹರ್ಟ್ಸ್‌ನ ಮಿತಿ ದಾಟಿತು. 20 ಮೀಟರಿನಲ್ಲಿ 0.2. 50 ಮೀಟರಿನಲ್ಲಿ 0.03. ದೂರ ದುಪ್ಪಟ್ಟಾದರೆ ತೀವ್ರತೆ ಕಾಲು ಪಾಲು.

ಹಾಗಾಗಿ ಟವರಿನ ಬುಡದ ಮನೆಗಿಂತ, ಆಂಟೆನಾಕ್ಕೆ ಸರಿಸಮ ಎತ್ತರದಲ್ಲಿ ಎದುರಾಗಿರುವ ಪಕ್ಕದ ಕಟ್ಟಡದ ಮೇಲ್ಮಹಡಿಯನ್ನು ಮೊದಲು ನೋಡಬೇಕು. 2013ರ ಕೇಂದ್ರದ ಸೂಚನೆಯೂ ಅದನ್ನೇ ಹೇಳಿತ್ತು: ಅದೇ ಎತ್ತರದ ಕಟ್ಟಡಕ್ಕೆ, ಆ ದಿಕ್ಕಿಗೆ ಮುಖ ಮಾಡಿದ ಆಂಟೆನಾ ಒಂದಿದ್ದರೆ 20 ಮೀಟರ್, ಎರಡಿದ್ದರೆ 35, ನಾಲ್ಕಿದ್ದರೆ 45 ಮೀಟರ್ ಅಂತರ. ತೊಂದರೆ ಹುಟ್ಟುವುದು ಆಮೇಲೆ. ಮೊದಲು ಒಂದು ಕಂಪನಿಯ ಪಟ್ಟಿ, ವರ್ಷ ಕಳೆದಂತೆ ಅದೇ ಕಂಬಕ್ಕೆ ಇನ್ನೆರಡು. ಇತ್ತ ಪಕ್ಕದವರು ಮಾಳಿಗೆ ಏರಿಸುತ್ತಾರೆ. ಕಾಗದದ ಮೇಲಿನ ಅಂತರ ನೆಲದ ಮೇಲೆ ಉಳಿಯುವುದಿಲ್ಲ.

ಅನುಮಾನವಿದ್ದವರಿಗೆ ದಾರಿ ಇದೆ. 2017ರಲ್ಲಿ ಶುರುವಾದ ‘ತರಂಗ್ ಸಂಚಾರ್’ ಪೋರ್ಟಲ್‌ನಲ್ಲಿ ಊರಿನ ಟವರ್ ಹುಡುಕಿ, ಅಳತೆಗೆ ಕೋರಿಕೆ ಹಾಕಬಹುದು. ಆಗ ನಿಗದಿಯಾದ ಶುಲ್ಕ 4,000 ರೂಪಾಯಿ. ಅಳೆಯುವಾಗ ಎದುರಿಗಿರಿ, ಮಲಗುವ ಕೋಣೆಯ ಕಿಟಕಿ, ತಾರಸಿ ಎರಡೂ ಕಡೆ ಅಳೆಯಲು ಕೇಳಿ. ಆನ್‌ಲೈನ್‌ನಲ್ಲಿ ಸಿಗುವ ಅಗ್ಗದ ಮೀಟರನ್ನು ನಂಬಿ ಜಗಳಕ್ಕಿಳಿಯಬೇಡಿ. ಜೇಬಿನ ಫೋನ್, ಮನೆಯ ವೈಫೈ ಎದ್ದರೂ ಅದರ ಮುಳ್ಳು ಏರುತ್ತದೆ. ಮಿತಿಯೊಳಗಿದ್ದರೂ ಆ ವರದಿ ಪಂಚಾಯಿತಿಯ ಫಲಕದಲ್ಲಿ ಕನ್ನಡದಲ್ಲಿ ತೂಗುಹಾಕಬೇಕು. ಅಷ್ಟಾಗಿದ್ದರೆ ಅರ್ಧ ಜಗಳ ಹುಟ್ಟುತ್ತಿರಲಿಲ್ಲ.

ಘಟ್ಟದ ಒಳಹಳ್ಳಿಗಳಲ್ಲಿ ಕಥೆ ತಿರುವುಮುರುವು, ಅಲ್ಲಿನ ಬೇಡಿಕೆ ‘ಟವರ್ ಬೇಕು’. ಜೋಯಿಡಾ, ಸಿದ್ದಾಪುರದ ಒಳಹಳ್ಳಿಗಳ ಮಕ್ಕಳು 2020ರಲ್ಲಿ ಆನ್‌ಲೈನ್ ಪಾಠಕ್ಕೆ ಗುಡ್ಡ ಹತ್ತಬೇಕಾಯಿತು. ಸಿಗ್ನಲ್ ಒಂದೇ ಕಡ್ಡಿ ಇರುವಲ್ಲಿ ಫೋನ್ ತನ್ನ ಶಕ್ತಿಯನ್ನೆಲ್ಲ ಹಾಕಿ ಕೂಗುತ್ತದೆ. ಟವರ್ ಹತ್ತಿರವಿದ್ದರೆ ಅದನ್ನು ನೂರಾರು ಪಟ್ಟು ತಗ್ಗಿಸುತ್ತದೆ. ಕಿವಿಗಂಟಿದ ಫೋನಿನಿಂದ ತಲೆಗೆ ತಾಗುವ ತರಂಗ, ದೂರದ ಟವರಿನದಕ್ಕಿಂತ ಎಷ್ಟೋ ಹೆಚ್ಚು. ಅಂಥಲ್ಲಿ ಇಯರ್‌ಫೋನ್ ಹಾಕಿ, ಇಲ್ಲವೇ ಸ್ಪೀಕರ್‌ನಲ್ಲಿಟ್ಟು ಒಂದು ಗೇಣು ದೂರ ಹಿಡಿದು ಮಾತಾಡಿ.