ಪಾದರಸದ ಏಟಿಗೆ ಸಿಕ್ಕ ಲೆಕ್ಕ

100 ಡಿಗ್ರಿಯ ನೀರಿಗೆ ಅಷ್ಟೇ ಗಾತ್ರದ 150 ಡಿಗ್ರಿಯ ಪಾದರಸ ಸುರಿದರೆ ಎಷ್ಟಕ್ಕೆ ನಿಲ್ಲುತ್ತದೆ? (ಫ್ಯಾರನ್‌ಹೀಟ್ ಡಿಗ್ರಿ, ಗಾಬರಿ ಬೇಡ.) ಮಧ್ಯದ 125 ಅಂತ ಅನ್ನಿಸುತ್ತದೆ, ಅಲ್ವಾ? ಹದಿನೆಂಟನೇ ಶತಮಾನದ ಸ್ಕಾಟ್ಲೆಂಡಿನ ರಸಾಯನ ವಿಜ್ಞಾನಿ ಜೋಸೆಫ್ ಬ್ಲ್ಯಾಕ್ ತಮ್ಮ ವಿದ್ಯಾರ್ಥಿಗಳಿಗೆ ಹೇಳುತ್ತಿದ್ದ ಉತ್ತರ 120. ಪಾದರಸ 30 ಡಿಗ್ರಿ ಇಳಿದಿದೆ, ನೀರು ಏರಿದ್ದು 20 ಮಾತ್ರ. ಮಿಕ್ಕ 10 ಎಲ್ಲಿ ಹೋಯಿತು?

ಎಲ್ಲೂ ಹೋಗಿಲ್ಲ. ಪಾದರಸ ಬಿಟ್ಟುಕೊಟ್ಟ ಶಾಖವೆಲ್ಲ ನೀರಿನಲ್ಲೇ ಇದೆ. ಅಷ್ಟೇ ಶಾಖಕ್ಕೆ ನೀರು ಕಡಿಮೆ ಡಿಗ್ರಿ ಏರುತ್ತದೆ, ಅಷ್ಟೇ. ಅಂದರೆ ಶಾಖವೇ ಬೇರೆ, ತಾಪಮಾನವೇ ಬೇರೆ. ನಾವು ಎರಡಕ್ಕೂ ಸುಮ್ನೆ 'ಬಿಸಿ' ಅಂದುಬಿಡುತ್ತೇವೆ. ಆಗಿನ ಪಂಡಿತರದ್ದೂ ಅದೇ ಗೊಂದಲ.

ಬ್ಲ್ಯಾಕ್‌ಗಿಂತ ಮೊದಲೇ ಫ್ಯಾರನ್‌ಹೀಟ್ ನೀರು, ಪಾದರಸ ಬೆರೆಸಿ ನೋಡಿದ್ದರು. ಅದನ್ನು ಡಚ್ ವೈದ್ಯ ಬೂರ್‌ಹಾವೆ 1732ರಲ್ಲಿ ಅಚ್ಚು ಹಾಕಿಸಿದರು. ವಸ್ತು ಎಷ್ಟು ಜಾಗ ತುಂಬುತ್ತದೋ ಅಷ್ಟು ಶಾಖ ಹಿಡಿಯುತ್ತದೆ ಎಂಬುದು ಬೂರ್‌ಹಾವೆಯವರ ನಂಬಿಕೆ. ತೂಕಕ್ಕೆ ತಕ್ಕಂತೆ ಎಂದವರೂ ಇದ್ದರು. ಆದರೆ ಪಾದರಸ ನೀರಿನ 13 ಪಟ್ಟಿಗಿಂತಲೂ ಭಾರ. ತೂಕದ ಮಾತು ನಿಜವಾಗಿದ್ದರೆ ಗೆಲ್ಲಬೇಕಿದ್ದದ್ದು ಅದೇ. ಸೋತಿತು! 1760ರ ಸುಮಾರಿಗೆ ಗ್ಲಾಸ್ಗೋದಲ್ಲಿ ಬ್ಲ್ಯಾಕ್ ಎರಡನ್ನೂ ಕೈಬಿಟ್ಟರು: ಒಂದೊಂದು ವಸ್ತುವಿಗೂ ಅದರದ್ದೇ ಶಾಖದ ಹಸಿವು. ನಮ್ಮ ಪಠ್ಯದ 'ವಿಶಿಷ್ಟೋಷ್ಣ' ಹುಟ್ಟಿದ್ದು ಹೀಗೆ.

ತಮಾಷೆ ಅಂದರೆ, ಆ 120 ಕೂಡ ಸರಿಯಿಲ್ಲ. ಇಂದಿನ ಅಳತೆಗಳಿಂದ ಲೆಕ್ಕ ಹಾಕಿದರೆ 116ರ ಹತ್ತಿರ ಬರುತ್ತದೆ. ಅಂಕಿ ತಪ್ಪಿದರೂ ಯೋಚನೆ ತಪ್ಪಲಿಲ್ಲ.

ಬ್ಲ್ಯಾಕ್ ಇದನ್ನು ಪಾಠ ಮಾಡಿದರೇ ಹೊರತು ಪುಸ್ತಕ ಮಾಡಲಿಲ್ಲ. ಅವರು ತೀರಿಕೊಂಡದ್ದು 1799ರಲ್ಲಿ, ಪಾಠಗಳು ಅಚ್ಚಾದದ್ದು 1803ರಲ್ಲಿ. ಅಷ್ಟರೊಳಗೆ ಸ್ವೀಡನ್ನಿನ ವಿಲ್ಕೆ ತಾವೇ ಇದನ್ನು ಕಂಡುಕೊಂಡು 1781ರಲ್ಲಿ ಪ್ರಕಟಿಸಿಯೂ ಆಗಿತ್ತು. ಪ್ಯಾರಿಸ್‌ನಲ್ಲಿ ಲವಾಸಿಯೆ ಮತ್ತು ಲಾಪ್ಲಾಸ್ 1782-83ರ ಚಳಿಗಾಲದಲ್ಲಿ ಬಿಸಿ ವಸ್ತುವನ್ನು ಮಂಜುಗಡ್ಡೆಯ ನಡುವೆ ಇಟ್ಟು, ಕರಗಿದ ನೀರನ್ನು ತೂಗಿ ಶಾಖ ಅಳೆದರು. ಇಂದಿನ ಲೆಕ್ಕದಲ್ಲಿ ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಸೆಲ್ಸಿಯಸ್ ಏರಿಸಲು ಸುಮಾರು 4.18 ಜೂಲ್ ಬೇಕು. ಕಬ್ಬಿಣಕ್ಕೆ 0.45, ಪಾದರಸಕ್ಕೆ ಬರೀ 0.14.

ಯಾಕೆ ಇಷ್ಟು ವ್ಯತ್ಯಾಸ? 1819ರಲ್ಲಿ ಫ್ರಾನ್ಸಿನ ಡ್ಯೂಲಾಂಗ್ ಮತ್ತು ಪೆಟಿ ಗ್ರಾಂ ಬಿಟ್ಟು, ಒಂದೊಂದು ಪರಮಾಣುವಿಗೆ ಎಷ್ಟು ಶಾಖ ಎಂಬ ಲೆಕ್ಕ ಹಿಡಿದರು. ಆಗ ಬಹುತೇಕ ಲೋಹಗಳು ಹೆಚ್ಚುಕಡಿಮೆ ಸಮಕ್ಕೆ ಬಂದವು. ಭಾರದ ಪರಮಾಣುಗಳಾದರೆ ಒಂದು ಗ್ರಾಂನಲ್ಲಿ ಕಡಿಮೆ ಸಂಖ್ಯೆ, ಹಾಗಾಗಿ ಹಸಿವೂ ಕಡಿಮೆ. ಹಟ ಹಿಡಿದದ್ದು ವಜ್ರ. ಸಾಮಾನ್ಯ ಹವೆಯಲ್ಲಿ ಅದು ಈ ಲೆಕ್ಕದ ಕಾಲು ಭಾಗದಷ್ಟೇ ಶಾಖ ತೆಗೆದುಕೊಳ್ಳುತ್ತದೆ. ಅದರ ಪರಮಾಣುಗಳ ಕಟ್ಟು ಬಲು ಬಿಗಿ. ಕಂಪನದ ಶಕ್ತಿ ತುಣುಕು ತುಣುಕಾಗಿಯೇ ಬರುತ್ತದೆ, ವಜ್ರಕ್ಕೆ ಬೇಕಾದ ತುಣುಕು ದೊಡ್ಡದು, ಸಾಮಾನ್ಯ ಹವೆಯಲ್ಲಿ ಅದು ಸಿಗುವುದು ಅಪರೂಪ ಎಂದು 1907ರಲ್ಲಿ ಐನ್‌ಸ್ಟೈನ್ ವಿವರಿಸಿದರು. ಸಾವಿರ ಡಿಗ್ರಿ ಸೆಲ್ಸಿಯಸ್ ಹತ್ತಿರ ಕಾಯಿಸಿದರೆ ವಜ್ರವೂ ಉಳಿದವರ ಸಾಲಿಗೆ ಬರುತ್ತದೆ.