ಒಂದು ಚೀಲ ಯೂರಿಯಾ, ಒಂದು ತಿಪ್ಪೆಗುಂಡಿ

ಮಣ್ಣು ಪರೀಕ್ಷಾಲಯದ ಗಾಜಿನ ಫ್ಲಾಸ್ಕಿಗೆ ಒಂದು ಗ್ರಾಂ ಮಣ್ಣು ಹಾಕುತ್ತೇವೆ. ಅದರ ಮೇಲೆ 10 ಮಿಲಿಲೀಟರ್ ಪೊಟ್ಯಾಸಿಯಂ ಡೈಕ್ರೊಮೇಟ್ ದ್ರಾವಣ, ಆಮೇಲೆ 20 ಮಿಲಿಲೀಟರ್ ಗಂಧಕಾಮ್ಲ. ಫ್ಲಾಸ್ಕು ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿಯಾಗುತ್ತದೆ. ಅರ್ಧ ಗಂಟೆ ಹಾಗೆಯೇ ಬಿಡುತ್ತೇವೆ. ಡೈಕ್ರೊಮೇಟಿನ ಬಣ್ಣ ಕಿತ್ತಳೆ. ಮಣ್ಣಿನಲ್ಲಿ ಸಾವಯವ ಇಂಗಾಲ, ಅಂದರೆ ಗೊಬ್ಬರ, ಬೇರು, ಸೊಪ್ಪು ಕೊಳೆತು ಸೇರಿದ ಇಂಗಾಲ, ಚೆನ್ನಾಗಿದ್ದರೆ ಆ ಕಿತ್ತಳೆ ಹಸಿರಿಗೆ ತಿರುಗುತ್ತದೆ, ಇಲ್ಲದಿದ್ದರೆ ಕಿತ್ತಳೆಯಾಗಿಯೇ ಉಳಿಯುತ್ತದೆ. ಲೆಕ್ಕ ಹಾಕಿ ಅಂಕಿ ಬರೆಯುವುದು ಆಮೇಲಿನ ಕೆಲಸ. ಮಣ್ಣು ಹಸಿದಿದೆಯೋ ಇಲ್ಲವೋ ಎಂಬುದು ಬಣ್ಣ ನೋಡಿದಾಗಲೇ ತಿಳಿದುಹೋಗಿರುತ್ತದೆ. ನಾನು ಈ ಕೆಲಸಕ್ಕೆ ಸೇರಿ 22 ವರ್ಷವಾಯಿತು. ತುಮಕೂರು, ಚಿತ್ರದುರ್ಗ, ಕೋಲಾರದ ಕಡೆಯಿಂದ ಬರುವ ಕೆಂಪು ಮಣ್ಣಿನ ಮಾದರಿಗಳಲ್ಲಿ ಹೆಚ್ಚಿನವು ಕಿತ್ತಳೆಯಾಗಿಯೇ ಉಳಿಯುವುದನ್ನು ಕಂಡು ಇವತ್ತಿಗೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಜಗತ್ತಿನ ಆಹಾರ ಭದ್ರತೆಯ ಬಗ್ಗೆ ಮಾತು ಬಂದಾಗ ಜನರಿಗೆ ನೆನಪಾಗುವುದು ಗೋದಾಮು, ಪಡಿತರ, ರಫ್ತು ನಿಷೇಧ, ಹೊಸ ತಳಿ. ನನಗೆ ನೆನಪಾಗುವುದು ಆ ಫ್ಲಾಸ್ಕು. ಶೇಕಡಾ 0.5ಕ್ಕಿಂತ ಕಡಿಮೆ ಸಾವಯವ ಇಂಗಾಲವಿದ್ದರೆ ರೈತರಿಗೆ ಕೊಡುವ ಮಣ್ಣು ಪರೀಕ್ಷೆಯ ಕಾರ್ಡಿನಲ್ಲಿ ‘ಕಡಿಮೆ’ ಎಂದು ಬರೆಯುತ್ತೇವೆ, 0.75ಕ್ಕಿಂತ ಮೇಲಿದ್ದರೆ ‘ಹೆಚ್ಚು’. ಈ ಚಿಕ್ಕ ಅಂತರದಲ್ಲಿಯೇ ಒಂದು ಊರು ಬರಗಾಲವನ್ನು ತಡೆದುಕೊಳ್ಳುವುದೂ ಕೈಚೆಲ್ಲುವುದೂ ಅಡಗಿದೆ.

ಕೆಲವು ವರ್ಷಗಳ ಹಿಂದೆ ಶಿರಾ ತಾಲ್ಲೂಕಿನ ಹಿರಿಯ ರೈತರೊಬ್ಬರು ಪ್ಲಾಸ್ಟಿಕ್ ಕವರಿನಲ್ಲಿ ಮಣ್ಣು ಕಟ್ಟಿಕೊಂಡು ಬಂದಿದ್ದರು. “ಎಷ್ಟು ಯೂರಿಯಾ ಹಾಕಿದರೂ ರಾಗಿ ಮೇಲೇಳುತ್ತಿಲ್ಲ ಮೇಡಂ. ಅಂಗಡಿಯವನು ಕಲಬೆರಕೆ ಗೊಬ್ಬರ ಕೊಡುತ್ತಿದ್ದಾನೋ ಏನೋ, ನೋಡಿ ಹೇಳಿ” ಎಂದರು. ಯೂರಿಯಾದಲ್ಲಿ ದೋಷವಿರಲಿಲ್ಲ. ಅವರ ಹೊಲದ ಇಂಗಾಲ 0.34 ಇತ್ತು. “ಯಜಮಾನರೇ, ತೂತು ಬಿದ್ದ ಮಡಕೆಗೆ ನೀರು ಹೊಯ್ಯುತ್ತಿದ್ದೀರಿ” ಎಂದೆ. ಅವರಿಗೆ ಬೇಸರವಾಯಿತು. ಆದರೆ ಎದ್ದು ಹೋಗಲಿಲ್ಲ.

ಅವರಿಗೆ ವಿವರಿಸಿದ್ದನ್ನೇ ಇಲ್ಲಿಯೂ ಹೇಳುತ್ತೇನೆ. ನಮ್ಮ ಕೆಂಪು ಮಣ್ಣಿನ ಜೇಡಿಗೆ ಪೋಷಕಾಂಶವನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಸ್ವಭಾವತಃ ಕಡಿಮೆ. ಆ ಶಕ್ತಿ ಬರುವುದು ಕಳಿತ ಗೊಬ್ಬರ, ಬೇರು, ಸೊಪ್ಪು ಕೊಳೆತು ಉಳಿಯುವ ಕಪ್ಪು ಅಂಶದಿಂದ. ಫ್ಲಾಸ್ಕಿನಲ್ಲಿ ನಾವು ಅಳೆಯುವ ಇಂಗಾಲ ಅದರದ್ದೇ. ಅದೇ ಅಂಶ ಮಣ್ಣಿನ ಕಣಗಳನ್ನು ಅಂಟಿಸಿ ಮಳೆನೀರು ಇಳಿಯಲು ದಾರಿ ಮಾಡಿಕೊಡುತ್ತದೆ. ಅದು ಇಲ್ಲದ ಹೊಲದಲ್ಲಿ ಮಳೆ ಬಿದ್ದು ಬಿಸಿಲು ಬಂದರೆ ಮೇಲ್ಪದರ ಹಪ್ಪಳದಂತೆ ಗಟ್ಟಿಯಾಗಿ, ಮೊಳಕೆಯೊಡೆದ ರಾಗಿ ಅದನ್ನು ಸೀಳಿಕೊಂಡು ಬರಲಾರದೆ ಒಳಗೇ ಸಾಯುತ್ತದೆ. ಯೂರಿಯಾ ಕೊಟ್ಟರೆ ಅದರ ಸಾರಜನಕ ಒಂದಷ್ಟು ಗಾಳಿಗೆ ಹಾರುತ್ತದೆ, ಒಂದಷ್ಟು ನೀರಿನ ಜೊತೆ ಇಳಿದುಹೋಗುತ್ತದೆ. ನಮ್ಮ ದೇಶದಲ್ಲಿ ಹಾಕಿದ ಸಾರಜನಕದ ಅರ್ಧಕ್ಕಿಂತ ಹೆಚ್ಚು ಪಾಲು ಬೆಳೆಗೆ ದಕ್ಕುವುದೇ ಇಲ್ಲ. ಇಳಿದುಹೋದದ್ದು ನೈಟ್ರೇಟಾಗಿ ಕೊಳವೆಬಾವಿ ಸೇರುತ್ತದೆ. ಗಾಳಿಗೆ ಸೇರಿದ್ದರಲ್ಲಿ ಒಂದು ಪಾಲು ನೈಟ್ರಸ್ ಆಕ್ಸೈಡ್. ಭೂಮಿಯನ್ನು ಬಿಸಿ ಮಾಡುವುದರಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 270 ಪಟ್ಟು ಬಲಶಾಲಿ.

ಹಾಗಾದರೆ ರಸಗೊಬ್ಬರವನ್ನೇ ಬಿಟ್ಟುಬಿಡೋಣ ಎನ್ನುವವರು ಪ್ರತಿ ಕೃಷಿಮೇಳದಲ್ಲಿಯೂ ಸಿಗುತ್ತಾರೆ. ಅವರ ಕಾಳಜಿಯ ಬಗ್ಗೆ ನನಗೆ ಗೌರವವಿದೆ, ಅವರ ಅವಸರದ ಬಗ್ಗೆ ಭಯವಿದೆ. 1909ರಲ್ಲಿ ವಿಜ್ಞಾನಿ ಫ್ರಿಟ್ಜ್ ಹೇಬರ್ ಗಾಳಿಯಲ್ಲಿನ ಸಾರಜನಕದಿಂದ ಯೂರಿಯಾದಂಥ ಗೊಬ್ಬರಕ್ಕೆ ಮೂಲವಾದ ಅಮೋನಿಯಾ ತಯಾರಿಸಿ ತೋರಿಸಿದರು, 1913ರಲ್ಲಿ ಜರ್ಮನಿಯ ಒಪ್ಪೌದಲ್ಲಿ ಕಾರ್ಖಾನೆ ಶುರುವಾಯಿತು. ಇಂದು ಜಗತ್ತಿನ ಜನಸಂಖ್ಯೆಯ ಸುಮಾರು ಅರ್ಧದಷ್ಟು ಮಂದಿಯ ಅನ್ನ ಆ ವಿಧಾನದ ಮೇಲೆ ನಿಂತಿದೆ ಎಂಬುದು ವಿಜ್ಞಾನಿಗಳ ಅಂದಾಜು. ಅದನ್ನು ಒಂದೇ ಏಟಿಗೆ ಕಿತ್ತುಹಾಕಿದರೆ ಏನಾಗುತ್ತದೆ ಎಂಬುದನ್ನು ಪಕ್ಕದ ಶ್ರೀಲಂಕಾ ಅನುಭವಿಸಿ ತೋರಿಸಿದೆ.

2021ರ ಮೇ ತಿಂಗಳಲ್ಲಿ ಅಲ್ಲಿನ ಸರ್ಕಾರ ರಸಗೊಬ್ಬರದ ಆಮದನ್ನು ನಿಷೇಧಿಸಿತು. ದೇಶವೆಲ್ಲ ಸಾವಯವವಾಗಬೇಕು ಎಂಬ ಘೋಷಣೆಯ ಹಿಂದೆ ವಿದೇಶಿ ವಿನಿಮಯ ಉಳಿಸುವ ಒತ್ತಡವೂ ಇತ್ತು. ಆದರೆ ಅಷ್ಟು ಸಾವಯವ ಗೊಬ್ಬರ ದೇಶದಲ್ಲಿ ಇರಲಿಲ್ಲ. ಚೀನಾದಿಂದ ಹಡಗಿನಲ್ಲಿ ತರಿಸಿದ ಗೊಬ್ಬರದ ಮಾದರಿಯಲ್ಲಿ ಹಾನಿಕಾರಕ ಬ್ಯಾಕ್ಟೀರಿಯಾ ಕಂಡುಬಂದು ಅದನ್ನು ತಿರಸ್ಕರಿಸಬೇಕಾಯಿತು. ಕೊನೆಗೆ ಆ ಕಂಪನಿಗೆ 67 ಲಕ್ಷ ಡಾಲರ್ ಕೊಡಬೇಕಾಗಿಯೂ ಬಂತು. ನವೆಂಬರ್ ಹೊತ್ತಿಗೆ ನಿಷೇಧ ಹಿಂದೆಗೆದುಕೊಂಡರು. ಅಷ್ಟರಲ್ಲಿ ಅಲ್ಲಿನ ಮುಖ್ಯ ಹಂಗಾಮಾದ ‘ಮಹಾ’ದ ಭತ್ತಕ್ಕೆ ಪೆಟ್ಟು ಬಿದ್ದಿತ್ತು. ಅಕ್ಕಿಯಲ್ಲಿ ಬಹುಮಟ್ಟಿಗೆ ಸ್ವಾವಲಂಬಿಯಾಗಿದ್ದ ನಾಡು ಅಕ್ಕಿಗಾಗಿ ಹೊರಗೆ ಕೈಚಾಚಬೇಕಾಯಿತು. ಯೂರಿಯಾಗೆ ಒಗ್ಗಿಹೋದ ಮಣ್ಣು ಒಂದು ಹಂಗಾಮಿನಲ್ಲಿ ಬದಲಾಗುವುದಿಲ್ಲ. ಹಾಗೆ ನಿರೀಕ್ಷಿಸುವುದು ರೈತನಿಗೆ ಮಾಡುವ ಕ್ರೌರ್ಯ ಎಂದೇ ನಾನು ಭಾವಿಸುತ್ತೇನೆ.

ಇನ್ನೊಂದು ಬದಿಯ ಅಪಾಯವೂ ಅಷ್ಟೇ ನಿಜ. ಭಾರತ ವರ್ಷಕ್ಕೆ 350 ಲಕ್ಷ ಟನ್‌ಗೂ ಹೆಚ್ಚು ಯೂರಿಯಾ ಬಳಸುತ್ತದೆ. ಸ್ವಲ್ಪ ನೇರವಾಗಿ ಆಮದಾಗುತ್ತದೆ. ಇಲ್ಲಿ ತಯಾರಾಗುವುದಕ್ಕೂ ಬೇಕಾದ ನೈಸರ್ಗಿಕ ಅನಿಲದ ಬಹುಪಾಲು ಹೊರಗಿನಿಂದ ಬರುತ್ತದೆ. ಪೊಟ್ಯಾಷ್ ಗೊಬ್ಬರಕ್ಕಂತೂ ಹೆಚ್ಚುಕಡಿಮೆ ಪೂರ್ತಿ ಆಮದನ್ನೇ ನಂಬಿದ್ದೇವೆ. ರಂಜಕದ ಶಿಲೆಯ ನಿಕ್ಷೇಪ ಜಗತ್ತಿನಲ್ಲಿ ಅತಿ ಹೆಚ್ಚು ಇರುವುದು ಮೊರಾಕ್ಕೊದಲ್ಲಿ. 2022ರಲ್ಲಿ ಉಕ್ರೇನಿನಲ್ಲಿ ಯುದ್ಧ ಶುರುವಾದಾಗ ಇಲ್ಲಿ ಡಿಎಪಿ ಎಂಬ ರಂಜಕದ ಗೊಬ್ಬರದ ಸಬ್ಸಿಡಿ ಏರಿದ್ದು ಇದೇ ಕಾರಣಕ್ಕೆ. 2025ರ ಮುಂಗಾರಿನಲ್ಲಿ ರಾಜ್ಯದ ಹಲವು ಜಿಲ್ಲೆಗಳ ರೈತರು ಒಂದೆರಡು ಚೀಲ ಯೂರಿಯಾಗಾಗಿ ಬೆಳಗಿನ ಜಾವದಿಂದ ಸಾಲು ನಿಂತರು. ಮಳೆ ಬಂದು ಹದವಾಗಿದೆ, ಮೇಲುಗೊಬ್ಬರದ ದಿನ ಮೀರುತ್ತಿದೆ, ಚೀಲ ಮಾತ್ರ ಇಲ್ಲ. ಆ ಸಾಲನ್ನು ಕಂಡವರಿಗೆ ಆಹಾರ ಭದ್ರತೆ ಎಂದರೇನು ಎಂದು ಬೇರೆ ಹೇಳಬೇಕಾಗಿಲ್ಲ.

ಈ ಜಗಳಕ್ಕೆ ಉತ್ತರವನ್ನು ನಮ್ಮ ರಾಗಿಯೇ ಕೊಟ್ಟಿದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಆವರಣವಾದ ಜಿ.ಕೆ.ವಿ.ಕೆ.ಯ ಒಣಬೇಸಾಯ ವಿಭಾಗದಲ್ಲಿ 1978ರಿಂದ ಒಂದು ಪ್ರಯೋಗ ನಡೆಯುತ್ತಿದೆ. ಮಳೆಯಾಶ್ರಿತ ಕೆಂಪು ಮಣ್ಣು, ರಾಗಿ ಬೆಳೆ. ಒಂದು ತಾಕಿಗೆ ಏನನ್ನೂ ಕೊಡುವುದಿಲ್ಲ. ಒಂದಕ್ಕೆ ಹೆಕ್ಟೇರಿಗೆ 10 ಟನ್ ಲೆಕ್ಕದಲ್ಲಿ ಕೊಟ್ಟಿಗೆ ಗೊಬ್ಬರ. ಒಂದಕ್ಕೆ ಶಿಫಾರಸಿನ ರಸಗೊಬ್ಬರ ಮಾತ್ರ. ಇನ್ನೊಂದಕ್ಕೆ ಎರಡೂ. ಏನೂ ಕೊಡದ ತಾಕು ಬೇಗನೆ ಸೋತಿತು. ರಸಗೊಬ್ಬರ ಮಾತ್ರ ಉಂಡ ತಾಕು ಮೊದಲು ಚೆನ್ನಾಗಿಯೇ ಫಲ ಕೊಟ್ಟು, ವರ್ಷಗಳು ಉರುಳಿದಂತೆ ಇಳಿಮುಖವಾಯಿತು. ಮಣ್ಣಿನ ಇಂಗಾಲವೂ ಕುಗ್ಗಿತು. ಎರಡನ್ನೂ ಕೊಟ್ಟ ತಾಕು ಒಳ್ಳೆಯ ಇಳುವರಿಯನ್ನು ದಶಕಗಳ ಕಾಲ ಕಾಯ್ದುಕೊಂಡಿದೆ. ಇಂಗ್ಲೆಂಡಿನ ರೋಥಮ್‌ಸ್ಟೆಡ್‌ನಲ್ಲಿ 1843ರಿಂದ ಗೋಧಿಯ ಮೇಲೆ ನಡೆಯುತ್ತಿರುವ ಪ್ರಯೋಗವೂ ಇದೆ, ಜಗತ್ತೆಲ್ಲ ಅದನ್ನು ಹೆಸರಿಸುತ್ತದೆ. ಆದರೆ ಅದು ತಂಪು ನಾಡಿನ ಮಣ್ಣು. ನಮ್ಮ ಬಿಸಿಲಿನಲ್ಲಿ ಗೊಬ್ಬರ ಬೇಗ ಕರಗಿಹೋಗುತ್ತದೆ, ಹಾಗಾಗಿ ನನಗೆ ಹೆಬ್ಬಾಳದಾಚೆಯ ಆ ರಾಗಿ ತಾಕುಗಳೇ ಹೆಚ್ಚು ಮುಖ್ಯ.

ಈಗ ಲೆಕ್ಕಕ್ಕೆ ಬರೋಣ. 45 ಕಿಲೋ ಯೂರಿಯಾ ಚೀಲದಲ್ಲಿ ಶೇಕಡಾ 46ರಂತೆ ಸುಮಾರು 20 ಕಿಲೋ ಸಾರಜನಕವಿದೆ. ರೈತ ಅದಕ್ಕೆ ಕೊಡುವುದು 266 ರೂಪಾಯಿ ಚಿಲ್ಲರೆ. ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಶೇಕಡಾ ಅರ್ಧ. ಅಷ್ಟೇ ಸಾರಜನಕ ಬೇಕೆಂದರೆ 4 ಟನ್ ಬೇಕು, ಅಂದರೆ ಒಂದೂವರೆ ಎರಡು ಟ್ರ್ಯಾಕ್ಟರ್ ಲೋಡು. ಅದರಲ್ಲಿಯೂ ಮೊದಲ ವರ್ಷ ಬೆಳೆಗೆ ಸಿಗುವುದು ಮೂರನೆಯ ಒಂದು ಭಾಗ ಮಾತ್ರ. ಸಾರಜನಕದ ಬೆಲೆಯನ್ನೇ ತೂಗಿದರೆ ತಿಪ್ಪೆ ಸೋಲುತ್ತದೆ. ಆದರೆ ತಿಪ್ಪೆ ಮಾಡುವ ಕೆಲಸ ಯೂರಿಯಾಗೆ ಬರುವುದಿಲ್ಲ. ಪಕ್ಕದ ಹೊಲದಲ್ಲಿ ಅರ್ಧ ಪೋಲಾಗುವ ಚೀಲವನ್ನು ಹಿಡಿದಿಟ್ಟು ಬೆಳೆಗೆ ಉಣಿಸುವುದು ತಿಪ್ಪೆಯ ಕೆಲಸ. ನಮ್ಮ ಸಬ್ಸಿಡಿಯ ಲೆಕ್ಕಪುಸ್ತಕದಲ್ಲಿ ಈ ಕೆಲಸಕ್ಕೆ ತಕ್ಕ ಕೂಲಿ ಇಲ್ಲ. ಯೂರಿಯಾ ಚೀಲಕ್ಕೆ ಸರ್ಕಾರ ಅದರ ಬೆಲೆಯ ಹಲವು ಪಟ್ಟು ಹಣ ಭರಿಸುತ್ತದೆ. ಗೊಬ್ಬರ ಹೊರುವ, ಹರಡುವ ಆಳುಕೂಲಿಯನ್ನು ಮಾತ್ರ ರೈತನೇ ಭರಿಸಬೇಕು. ಇದು ಬದಲಾಗಬೇಕು ಎಂದು ನಾನು ಪ್ರತಿ ಸಭೆಯಲ್ಲಿಯೂ ಹೇಳುತ್ತೇನೆ.

ಗೊಬ್ಬರ ಎಲ್ಲಿದೆ ಎಂದು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಕರ್ನಾಟಕದ ದನಗಳ ಸಂಖ್ಯೆ 2012ರ ಗಣತಿಯಲ್ಲಿ ಸುಮಾರು 95 ಲಕ್ಷವಿದ್ದದ್ದು 2019ರಲ್ಲಿ 85 ಲಕ್ಷದ ಆಸುಪಾಸಿಗೆ ಇಳಿದಿದೆ. ಎತ್ತಿನ ಜಾಗಕ್ಕೆ ಟ್ರ್ಯಾಕ್ಟರ್ ಬಂದಿದೆ. ಆದರೆ ಇರುವ ದನಗಳ ಗೊಬ್ಬರವನ್ನಾದರೂ ಉಳಿಸಿಕೊಳ್ಳುತ್ತಿದ್ದೇವೆಯೇ? ಒಂದು ಮನೆಯ ಹಿತ್ತಿಲಿಗೆ ಹೋಗಿ ನೋಡಿ. ಕೊಟ್ಟಿಗೆಗೆ ಸಿಮೆಂಟು ಹಾಸಿದ್ದಾರೆ, ಗಂಜಲ ಚರಂಡಿಗೆ ಹರಿಯುತ್ತಿದೆ. ದನ ಹೊರಹಾಕುವ ಸಾರಜನಕದಲ್ಲಿ ಸುಮಾರು ಅರ್ಧ ಇರುವುದು ಆ ಗಂಜಲದಲ್ಲಿಯೇ. ಸಗಣಿಯನ್ನು ರಸ್ತೆಬದಿಯಲ್ಲಿ ಗುಡ್ಡೆ ಹಾಕಿದ್ದಾರೆ. ಏಪ್ರಿಲ್ ಬಿಸಿಲಿಗೆ ಅದು ಒಣಗುತ್ತದೆ, ಮೇ ತಿಂಗಳ ಮಳೆಗೆ ಅದರ ಕಪ್ಪು ರಸ ಬೀದಿಗೆ ಇಳಿಯುತ್ತದೆ. ಹೊಲಕ್ಕೆ ಹೋಗುವುದು ಸಿಪ್ಪೆ. ಅದೂ ಸರಿಯಾಗಿ ಕಳಿತಿರದಿದ್ದರೆ ಜೊತೆಗೆ ಗೊಣ್ಣೆಹುಳುವನ್ನೂ ಕಳೆಗಳ ಬೀಜವನ್ನೂ ಹೊತ್ತುಕೊಂಡು ಹೋಗುತ್ತದೆ.

ಮಾಡಬೇಕಾದದ್ದು ಕಷ್ಟದ್ದೇನಲ್ಲ. ದನದ ಕಾಲಡಿಗೆ ರಾಗಿ ಹೊಟ್ಟು, ಒಣ ತರಗು, ಒಂದಿಷ್ಟು ಮಣ್ಣು ಹಾಸಿ ಗಂಜಲವನ್ನು ಹೀರಿಸಬೇಕು. ಅದನ್ನು ದಿನವೂ ಗುಂಡಿಗೆ ಹಾಕಬೇಕು. ಗುಂಡಿ ಮೂರಡಿ ಆಳ ಸಾಕು, ಹೊಂಗೆಯ ನೆರಳಿನಲ್ಲಿದ್ದರೆ ಇನ್ನೂ ಒಳ್ಳೆಯದು. ತುಂಬಿದ ಮೇಲೆ ಮಣ್ಣು ಸಗಣಿ ಕಲಸಿ ಮೇಲೆ ಬಳಿದು ಮುಚ್ಚಬೇಕು. ಆರೇಳು ತಿಂಗಳಿಗೆ ತೆಗೆದರೆ ಗೊಬ್ಬರ ಕಾಫಿಪುಡಿಯ ಹಾಗೆ ಉದುರುತ್ತದೆ, ಮೊದಲ ಮಳೆಯ ಮಣ್ಣಿನ ವಾಸನೆ ಬರುತ್ತದೆ. ಹೀಗೆ ಗುಂಡಿಯಲ್ಲಿ ಪದರ ಹಾಕಿ ಮಣ್ಣು ಬಳಿದು ಕಳಿಸುವುದಕ್ಕೆ ಜಗತ್ತಿನ ಕೃಷಿ ಪಠ್ಯಗಳಲ್ಲಿ ‘ಬೆಂಗಳೂರು ವಿಧಾನ’ ಎಂದೇ ಹೆಸರು, ಸಿ. ಎನ್. ಆಚಾರ್ಯ ಅವರು ನಮ್ಮ ಬೆಂಗಳೂರಿನಲ್ಲಿಯೇ 1939ರಲ್ಲಿ ರೂಪಿಸಿದ್ದು. ಊರಿನ ಕಸವನ್ನು ಹೊಲದ ಗೊಬ್ಬರವಾಗಿಸುವುದೇ ಅದರ ಗುರಿಯಾಗಿತ್ತು. ಆ ನಗರವೇ ಇಂದು ದಿನಕ್ಕೆ ಸಾವಿರಾರು ಟನ್ ಕಸ ಹೊರಹಾಕುತ್ತದೆ, ಅರ್ಧಕ್ಕಿಂತ ಹೆಚ್ಚು ಹಸಿ ಕಸ. ಕೋಲಾರ, ಮಾಗಡಿಯಿಂದ ಬಂದ ತರಕಾರಿಯ ಸಿಪ್ಪೆ ಮಾತ್ರ ಹೊಲಕ್ಕೆ ಮರಳುವುದಿಲ್ಲ. ಮನೆಯಲ್ಲಿ ಹಸಿ ಕಸ ಒಣ ಕಸ ಬೇರ್ಪಡಿಸುವ ಗೃಹಿಣಿಯನ್ನು ನಾನು ಆಹಾರ ಭದ್ರತೆಯ ಕೆಲಸಗಾರ್ತಿ ಎಂದೇ ಕರೆಯುತ್ತೇನೆ. ಗಾಜಿನ ಚೂರು, ಬ್ಯಾಟರಿ ಸೇರಿದ ಕಾಂಪೋಸ್ಟನ್ನು ಯಾವ ರೈತನಿಗೂ ಶಿಫಾರಸು ಮಾಡಲು ನನ್ನಿಂದ ಆಗುವುದಿಲ್ಲ.

ದನವೇ ಇಲ್ಲದವರಿಗೆ ಬೇರೆ ದಾರಿಗಳಿವೆ. ಬದುವಿನ ಮೇಲೆ ಸೊಪ್ಪಿಗಾಗಿ ಗ್ಲಿರಿಸಿಡಿಯ ಗಿಡ, ಬೇಸಿಗೆ ಮಳೆಗೆ ಅಪ್ಸೆಣಬು ಎಂಬ ಹಸಿರೆಲೆ ಗೊಬ್ಬರದ ಬೆಳೆ ಬಿತ್ತಿ ಹೂ ಬರುವ ಹೊತ್ತಿಗೆ ಮಣ್ಣಿಗೆ ಸೇರಿಸುವುದು, ಕೆರೆ ಗೋಡು ಅಂದರೆ ಕೆರೆಯ ಹೂಳು, ಹೊಲದಲ್ಲಿ ಕುರಿ ಮಂದೆ ತರುಬಿಸುವುದು, ರಾಗಿಯ ನಡುವೆ ಅವರೆ, ತೊಗರಿಯ ಅಕ್ಕಡಿ ಸಾಲು. ಕಬ್ಬಿನ ರವದಿಗೆ, ತೆಂಗಿನ ಗರಿಗೆ ಬೆಂಕಿ ಇಡುವುದನ್ನು ನಿಲ್ಲಿಸಿದರೆ ಅದೇ ದೊಡ್ಡ ಉಳಿತಾಯ. ಆಫ್ರಿಕಾದ ಬುರ್ಕಿನಾ ಫಾಸೊದಲ್ಲಿ ಯಾಕೂಬಾ ಸವಾಡೊಗೊ ಎಂಬ ರೈತ ಬಂಡೆಯಂತೆ ಗಟ್ಟಿಯಾದ ನೆಲದಲ್ಲಿ ಬೇಸಿಗೆಯಲ್ಲೇ ಸಣ್ಣ ಸಣ್ಣ ಕುಳಿ ತೋಡಿ, ಒಂದೊಂದಕ್ಕೂ ಹಿಡಿ ಗೊಬ್ಬರ ಹಾಕಿ ಮಳೆಗೆ ಕಾದರು. ಗೆದ್ದಲು ಬಂದು ನೆಲ ಸಡಿಲ ಮಾಡಿತು, ಮಳೆನೀರು ಕುಳಿಯಲ್ಲಿ ನಿಂತಿತು, ಜೋಳ ಸಜ್ಜೆ ಬಂತು, ಜೊತೆಗೆ ಗಿಡಮರವೂ ಬಂತು. ‘ಜಾಯಿ’ ಎಂಬ ಆ ಹಳೆಯ ಪದ್ಧತಿಯನ್ನು ತಿದ್ದಿ ಬೆಳೆಸಿದ ಅವರಿಗೆ 2018ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ಸಂದಿತು. ಗೊಬ್ಬರ ಕಡಿಮೆಯಿದ್ದಾಗ ಹೊಲಕ್ಕೆಲ್ಲ ಎರಚದೆ ಬುಡಕ್ಕೆ ಕೊಡಬೇಕು ಎಂಬುದನ್ನು ನಾನು ಕಲಿತದ್ದು ಅವರ ಕುಳಿಗಳಿಂದ.

ಎಷ್ಟು ದಿನ ಕಾಯಬೇಕು ಎಂಬುದನ್ನೂ ಮುಚ್ಚಿಡದೆ ಹೇಳಬೇಕು. ಒಂದು ಹೆಕ್ಟೇರಿನ ಮೇಲಿನ 15 ಸೆಂಟಿಮೀಟರ್ ಮಣ್ಣಿನ ತೂಕ ಸುಮಾರು 22 ಲಕ್ಷ ಕಿಲೋ. ಇಂಗಾಲ ಶೇಕಡಾ 0.1ರಷ್ಟು ಏರಬೇಕೆಂದರೆ 2,200 ಕಿಲೋ ಇಂಗಾಲ ಮಣ್ಣಿನಲ್ಲಿ ನಿಲ್ಲಬೇಕು. ಹಾಕಿದ್ದರಲ್ಲಿ ಹೆಚ್ಚಿನದನ್ನು ಸೂಕ್ಷ್ಮಜೀವಿಗಳು ಉಂಡು ಗಾಳಿಗೆ ಬಿಡುತ್ತವೆ. ಆದ್ದರಿಂದ ವರ್ಷಗಳೇ ಬೇಕು. ಒಂದೇ ಹಂಗಾಮಿನಲ್ಲಿ ಮಣ್ಣು ಬದಲಾಯಿಸುವ ಬಾಟಲಿ ಮಾರುವವರನ್ನು ನಂಬಬೇಡಿ.

ಶಿರಾದ ಆ ಯಜಮಾನರು ನಾಲ್ಕು ವರ್ಷದ ಮೇಲೆ ಮತ್ತೆ ಬಂದರು. ಎಕರೆಗೆ ನಾಲ್ಕು ಟನ್ನಿನಂತೆ ಗೊಬ್ಬರ, ಎರಡು ಸಲ ಅಪ್ಸೆಣಬು. ಯೂರಿಯಾ ನಿಲ್ಲಿಸಿರಲಿಲ್ಲ, ಒಂದೇ ಸಲ ಸುರಿಯುವುದನ್ನು ಬಿಟ್ಟು ಎರಡು ಕಂತು ಮಾಡಿದ್ದರು. ಈ ಸಲ ಮಾದರಿಯನ್ನೂ ಹೇಳಿಕೊಟ್ಟಂತೆಯೇ ತಂದಿದ್ದರು: ಬದು, ಮರದಡಿ, ತಿಪ್ಪೆಯ ಜಾಗ ಬಿಟ್ಟು ಹತ್ತು ಕಡೆ ಅರ್ಧ ಅಡಿ ಅಗೆದು, ಬೆರೆಸಿ, ನೆರಳಿನಲ್ಲಿ ಒಣಗಿಸಿದ ಅರ್ಧ ಕಿಲೋ ಮಣ್ಣು. 0.34 ಇದ್ದದ್ದು 0.41 ಆಗಿತ್ತು. ಕಾರ್ಡಿನಲ್ಲಿ ಈಗಲೂ ‘ಕಡಿಮೆ’ ಎಂದೇ ಬರೆಯಬೇಕಾಯಿತು. “ಆಗಸ್ಟಿನಲ್ಲಿ ಹದಿನೆಂಟು ದಿನ ಮಳೆ ಇರಲಿಲ್ಲ ಮೇಡಂ, ಪಕ್ಕದ ಹೊಲ ಬಾಡಿತು, ನಮ್ಮದು ತಡೆಯಿತು” ಎಂದರು. ಆಮೇಲೆ ಚೀಲದಿಂದ ಇನ್ನೊಂದು ಕವರು ತೆಗೆದರು. ಗುತ್ತಿಗೆಗೆ ಕೊಟ್ಟು ಈಗ ಬಿಡಿಸಿಕೊಂಡ ಕೆಳಗಿನ ಹೊಲದ ಮಣ್ಣು. ಅದರ ಫ್ಲಾಸ್ಕು ಅರ್ಧ ಗಂಟೆಯ ಮೇಲೂ ಕಿತ್ತಳೆಯಾಗಿಯೇ ಇತ್ತು. ಅವರು ಅದನ್ನು ಸ್ವಲ್ಪ ಹೊತ್ತು ನೋಡಿ, ಅಪ್ಸೆಣಬಿನ ಬೀಜ ಈ ಸಲ ರೈತ ಸಂಪರ್ಕ ಕೇಂದ್ರಕ್ಕೆ ಯಾವಾಗ ಬರುತ್ತದೆ ಎಂದು ಕೇಳಿದರು.